ಅಪ್ಪಂಗೆ ಕಾರ್ಡ್ ಬೇಡ, ಹಗ್ಗ ಹೊಸೀರಿ (ಕಾವಲ್ ಮಾತು – 4)

ಜೂನ್ 3ನೇ ಭಾನುವಾರ ಬಂತು ಅಂದ್ರೆ ಎಲ್ಲರ ಸ್ಟೋರಿಲೂ ಒಂದೇ. ಚಾರ್ಟ್ ಪೇಪರ್, ಗ್ಲಿಟರ್, ಟೈ ಕಟ್ಟಿರೋ ಅಪ್ಪ. ನಮ್ಮ ಉಳ್ಳಾರ್ತಿ ಕಾವಲ್ ಕಡೆ ಟೈ ಕಟ್ಟೋ ಅಪ್ಪ ಯಾರಿದಾರೆ ಹೇಳಿ? ಏಳನೇ ಕ್ಲಾಸಲ್ಲಿ ನಾನೂ ಅಂಥದ್ದೇ ಕಾರ್ಡ್ ಕೊಟ್ಟಿದ್ದೆ. ಅಪ್ಪಂಗೆ ಓದಕ್ಕೆ ಬರಲ್ಲ. ಆದ್ರೂ ಮಡಚಿ ರೇಷನ್ ಕಾರ್ಡ್ ಜೊತೆ ಇಟ್ಕೊಂಡ.

ಈ ಅಮೃತಮಹಲ್ ಕಾವಲಿಗೆ ಗೋಡೆ ಬಂದ್ಮೇಲೆ ನಮ್ಮ ಕುರಿ ಕಮ್ಮಿಯಾದ್ವು, ಅಪ್ಪ ನಡೆಯೋ ದೂರ ಜಾಸ್ತಿ ಆಯ್ತು. ಒಂದು ಕೈಲಿ ಕೋಲು, ಇನ್ನೊಂದ್ರಲ್ಲಿ ನೀರಿನ ಬಾಟಲಿ. ಅವನಿಗೆ ಬೇಕಿರೋದು ಬಾಟಲಿ ಹೆಗಲಿಗೆ ಹಾಕ್ಕೊಳ್ಳೋಕೆ ಒಂದು ಹಗ್ಗ, ಅಷ್ಟೇ.

ಉಣ್ಣೆ ಕತ್ತರಿಸಿದಾಗ ಉಳಿಯೋ ತುಂಡುಗಳೇ ಸಾಕು. ಕಸಕಡ್ಡಿ ಆರಿಸಿ, ಬಿಡಿಸಿ, ತೊಡೆ ಮೇಲೆ ಹೊಸೆದು ಎಳೆ ಮಾಡಿ. ಮೂರು ಎಳೆ ಸೇರಿಸಿ ಜಡೆ ಹೆಣೆದಂಗೆ ಹೆಣೀರಿ. ಒಂದೇ ಎಳೆ ಆದ್ರೆ ಮಧ್ಯಾಹ್ನದೊಳಗೆ ಕಿತ್ತೋಗುತ್ತೆ, ನಂದು ಹಂಗೇ ಆಗಿತ್ತು 😅 ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚೋದು ನೋಡಿದೀರಲ್ಲ? ಅದನ್ನೇ ತೆಳ್ಳಗೆ ಹಚ್ಚಿ ಒಣಗಿಸಿ.

‘ಇದೂ ಒಂದು ಗಿಫ್ಟಾ?’ ಅಂತ ಕ್ಲಾಸಲ್ಲಿ ನಕ್ಕರು. ನಗಲಿ ಬಿಡಿ, ಎರಡನೇ ಹಗ್ಗ ಅಪ್ಪನ ಹೆಗಲ ಮೇಲೆ ಇನ್ನೂ ಇದೆ.

ಮನೇಲಿ ಕುರಿ ಇಲ್ದೋರು ಮೆಸೇಜ್ ಹಾಕಿ. ನಮ್ಮಲ್ಲಿ ಅರ್ಧ ಚೀಲ ಕರಿ ಉಣ್ಣೆ ಇದೆ.

#ಉಳ್ಳಾರ್ತಿಕಾವಲ್ #ಚಳ್ಳಕೆರೆ