ಐದು ಇಂಚು ಮಳೆಗೆ ಮಣಿದ ಊರು

ಆಷಾಢದಲ್ಲಿ ಒಂದು ರಾತ್ರಿಗೆ ಐದು ಇಂಚು ಮಳೆಯಾದರೆ ನಮ್ಮ ಬೆಳೆಗಾರ ಬಾಂಧವರು ಮಳೆಮಾಪಕ ನೋಡಿ, ಲೆಕ್ಕ ಬರೆದಿಟ್ಟು, ಕಾಫಿಗೆ ಒಳಗೆ ಹೋಗುತ್ತಾರೆ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದದ್ದೂ ಹೆಚ್ಚುಕಡಿಮೆ ಅಷ್ಟೇ, 131 ಮಿಲಿಮೀಟರ್. ಬೆಳಗಾಗುವಷ್ಟರಲ್ಲಿ ಮಹದೇವಪುರದ ಕಡೆ ಕೋಟಿ ಬೆಲೆಯ ಮನೆಗಳೊಳಗೆ ನೀರು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿ ನಮ್ಮಲ್ಲಿ ಕೆಲವರು ನಕ್ಕದ್ದುಂಟು. ಕೂಲಿಕಾರರ ತಗಡಿನ ಶೆಡ್ಡುಗಳೂ ಅದೇ ನೀರಿನಲ್ಲಿದ್ದವು, ಅದನ್ನು ಯಾರೂ ಗಮನಿಸಲಿಲ್ಲ.

ಆ ಪ್ರದೇಶದಲ್ಲಿ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಳ್ಳಂದೂರು ತುಂಬಿ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ. ಈ ಕಾಲುವೆಯನ್ನು ಒಬ್ಬರು ಗಜದಷ್ಟು ಒತ್ತಿದರು, ಇನ್ನೊಬ್ಬರು ಮೇಲೆ ಚಪ್ಪಡಿ ಎಳೆದರು, ಮತ್ತೊಬ್ಬರು ಕಾಂಪೌಂಡ್ ಎಬ್ಬಿಸಿದರು. ವರ್ಷವರ್ಷವೂ ಮಳೆಗಾಲ ಹೇಗೋ ಕಳೆಯಿತು, ಕಳೆದದ್ದೇ ಧೈರ್ಯವಾಯಿತು. ಆ ವರ್ಷ ಆಗಸ್ಟ್ 30ರ ಮಳೆಗೇ ರಸ್ತೆಗಳು ಮುಳುಗಿ ಎಚ್ಚರಿಕೆ ಸಿಕ್ಕಿತ್ತು. ಐದು ದಿನದಲ್ಲಿ ಯಾರೇನು ಮಾಡಲಾದೀತು? ನೀರಿಳಿದ ಮೇಲೆ ಅಂದಿನ ಮಹಾನಗರ ಪಾಲಿಕೆ ಜೆ.ಸಿ.ಬಿ. ತಂದು ಗೋಡೆ ಕೆಡವತೊಡಗಿತು, ಕೆಲವರು ನ್ಯಾಯಾಲಯಕ್ಕೆ ಹೋದರು.

ನಗುವ ಮೊದಲು ನಮ್ಮ ತೋಟ ನೋಡಿಕೊಳ್ಳೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ಕಾಫಿ ತೋಟಗಳು ಮಣ್ಣುಪಾಲಾದಾಗ, ಅತಿಮಳೆಯ ಜೊತೆಗೆ ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದನ್ನು ಭೂವಿಜ್ಞಾನಿಗಳು ಎತ್ತಿ ಹೇಳಿದರು. ನಮ್ಮ ಸದಸ್ಯರಲ್ಲೇ ಹಳ್ಳದ ಅಂಚು ತುಂಬಿಸಿ ಎರಡು ಸಾಲು ಅಡಿಕೆ ಸಸಿ ಇಟ್ಟವರಿದ್ದಾರೆ. ಬಸಿಗಾಲುವೆಯ ಹೂಳೆತ್ತಲು ಆಳು ಸಿಗದು, ಸಿಕ್ಕರೂ ಕೂಲಿ ಕೊಟ್ಟು ಪೂರೈಸದು, ನಿಜ. ಇದನ್ನು ಬರೆಯುವ ನಮ್ಮ ತೋಟದ ಕಾಲುವೆಯೂ ಎರಡು ವರ್ಷದಿಂದ ಹಾಗೆಯೇ ಬಿದ್ದಿದೆ. ಆದರೆ ಮೇಲಿನವರು ಮುಚ್ಚಿದ ಕಾಲುವೆಯ ನೀರು ನಿಲ್ಲುವುದು ಕೆಳಗಿನವರ ತೋಟದಲ್ಲಿ, ಬೇರು ಕೊಳೆಯುವುದು ಅವರ ಮರದ್ದು. ನೆಂಟಸ್ತಿಕೆ ಕೆಟ್ಟೀತೆಂದು ಅವರು ಬಾಯಿ ಬಿಡುವುದಿಲ್ಲ. ಒಂದು ವರ್ಷ ಸಹಿಸುತ್ತಾರೆ, ಎರಡು ವರ್ಷ ಸಹಿಸುತ್ತಾರೆ, ಮೂರನೆಯ ವರ್ಷ ಕತ್ತಿ ಹಿಡಿದೇ ಬೇಲಿಗೆ ಬರುತ್ತಾರೆ. ಆಮೇಲೆ ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಿದರೂ ಆ ಎರಡು ಮನೆ ಒಂದಾಗುವುದು ಕಷ್ಟ.

ಆದ್ದರಿಂದ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ, ಒಂದು ಹಳ್ಳಕ್ಕೆ ಸೇರಿದ ತೋಟದವರೆಲ್ಲ ಮುಯ್ಯಾಳಿನ ಮೇಲೆ ಕಾಲುವೆ ಬಿಡಿಸತಕ್ಕದ್ದು, ಗ್ರಾಮನಕ್ಷೆ ನೋಡಿ ಹಳ್ಳದ ಗಡಿಗೆ ಕಲ್ಲು ನೆಡತಕ್ಕದ್ದು ಎಂಬುದು ನಮ್ಮ ಸೂಚನೆ. ಹಾರೆಯನ್ನು ಮೊದಲು ಮೇಲಿನ ತೋಟದವರು ಹಿಡಿಯಲಿ.