ಊರು ಕಳೆದುಕೊಂಡ ನಾಣ್ಯ

ಕೊಕಟನೂರಿನ ಗೆಳೆಯರೊಬ್ಬರು ಮೊನ್ನೆ ತಾವು ಕೊಂಡ ರೋಮನ್ ಬೆಳ್ಳಿ ನಾಣ್ಯವೊಂದನ್ನು ತೋರಿಸಿದರು. ಒಂದು ಮಗ್ಗುಲಲ್ಲಿ ಅಗಸ್ಟಸ್. ಇನ್ನೊಂದರಲ್ಲಿ ಗುರಾಣಿ, ಈಟಿಗಳೊಡನೆ ನಿಂತ ಅವನ ದತ್ತುಪುತ್ರರು, ಗೇಯಸ್ ಮತ್ತು ಲೂಸಿಯಸ್. ಪಟ್ಟಕ್ಕೆಂದು ಬೆಳೆಸಿದ ಈ ತರುಣರಲ್ಲಿ ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ 4ರಲ್ಲಿ ತೀರಿಕೊಂಡರು. ಸಿಂಹಾಸನ ಟೈಬೀರಿಯಸನ ಪಾಲಾಯಿತು.

"ಎಲ್ಲಿ ಸಿಕ್ಕಿದ್ದು?" ಎಂದೆ.

"ಅದ್ಯಾಕ ಬೇಕ್ರಿ ಸರ? ಅಸಲಿ ಐತಿ, ಸಾಕಲ್ರಿ."

ಸಾಲದು, ಸ್ವಾಮಿ! ಅಸಲಿತನದಿಂದ ಬೆಲೆ ಏರೀತು; ಇತಿಹಾಸ ತಿಳಿಯದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್, ಟೈಬೀರಿಯಸರ ನಾಣ್ಯಗಳು ಸಿಕ್ಕಿವೆ. ಸಿಕ್ಕ ಜಾಗ ಗೊತ್ತಿರುವುದರಿಂದಲೇ ರೋಮಿನ ಬೆಳ್ಳಿ ಕನ್ನಡ ನೆಲಕ್ಕೆ ಬಂದಿತ್ತೆಂದು ನಾನು ತರಗತಿಯಲ್ಲಿ ಧೈರ್ಯವಾಗಿ ಹೇಳಬಲ್ಲೆ.

ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂಬ 1962ರ ಕಾಯಿದೆ ನಮ್ಮಲ್ಲಿದೆ. ಅದಕ್ಕೆ ಹೆದರಿ ಮಾರುವವನು ಊರಿನ ಹೆಸರು ನುಂಗುತ್ತಾನೆ, ಕೊಳ್ಳುವವನು ಕೇಳುವುದಿಲ್ಲ. "ನಾವು ಕೊಳ್ಳದಿದ್ದರೆ ಅಕ್ಕಸಾಲಿಗನ ಮೂಸೆಗೆ ಬೀಳುತ್ತಿತ್ತು" ಎಂದು ವಾದಿಸುತ್ತಾರೆ. ಇರಬಹುದು. ಆದರೆ ಬೆಳ್ಳಿಯನ್ನು ಉಳಿಸಿ ಸಾಕ್ಷ್ಯವನ್ನು ಹೂತುಹಾಕುವುದು ಯಾವ ಸಂರಕ್ಷಣೆ? ಸಂಗ್ರಾಹಕರೇ, ಬೆಲೆ ಕೇಳುವ ಮುನ್ನ ಊರು ಕೇಳಿರಿ. ಹೇಳದವನಿಂದ ಕೊಳ್ಳಬೇಡಿರಿ.