ಕೀಲಿ ಯಾರ ಕೈಯಲ್ಲಿದೆ?

2025ರ ಜುಲೈನಲ್ಲಿ ನಯಾರಾ ಎನರ್ಜಿಯ ನೌಕರರಿಗೆ ತಮ್ಮದೇ ಇಮೇಲ್ ತೆರೆಯಲಾಗಲಿಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ಈ ಕಂಪನಿಯಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ಪಾಲಿದೆ. ಯುರೋಪಿಯನ್ ಒಕ್ಕೂಟ ನಯಾರಾ ಮೇಲೆ ನಿರ್ಬಂಧ ಹೇರಿದ್ದೇ ತಡ, ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿಬಿಟ್ಟಿತು. ಹಣ ಕಟ್ಟಿದ ಪರವಾನಗಿ ಕೈಯಲ್ಲೇ ಇತ್ತು. ಆದರೂ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲಷ್ಟೇ ಸೇವೆ ಮರಳಿತು. ದೊಡ್ಡ ಕಂಪನಿ, ವಕೀಲರಿದ್ದರು. ನಿಮ್ಮೂರಿನ ಶಾಲೆಗೆ, ಪಂಚಾಯಿತಿಗೆ, ಸಣ್ಣ ಪತ್ರಿಕೆಗೆ ಯಾರಿದ್ದಾರೆ?

ಕನ್ನಡಿಗರಾದ ನಾವು ಈ ಪೆಟ್ಟನ್ನು ಮೊದಲೇ ತಿಂದವರು. ವರ್ಷಾನುಗಟ್ಟಲೆ ನಮ್ಮ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆಗಳೆಲ್ಲ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದವು. ಒಂದೊಂದು ತಂತ್ರಾಂಶಕ್ಕೂ ತನ್ನದೇ ಫಾಂಟ್, ತನ್ನದೇ ಸಂಕೇತ. ಒಂದರಲ್ಲಿ ಟೈಪಿಸಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ತಂತ್ರಾಂಶಗಳು ಕನ್ನಡ ಅಚ್ಚಿನ ಕೆಲಸವನ್ನು ಹಗುರ ಮಾಡಿದ್ದು ನಿಜ. ಆ ಋಣ ದೊಡ್ಡದು. ಆದರೆ ಬರಹ ನಮ್ಮದು, ಅದನ್ನು ಓದುವ ಕೀಲಿ ಬೇರೆಯವರದು ಎಂಬ ಸ್ಥಿತಿಗೆ ನಾವು ತೆತ್ತ ಬೆಲೆಯೂ ಸಣ್ಣದಲ್ಲ. ಎಷ್ಟೋ ಲೇಖಕರ ಹಳೆಯ ಫೈಲುಗಳು ಇವತ್ತಿಗೂ ಸಿಡಿಗಳಲ್ಲಿ ಮೂಕವಾಗಿ ಬಿದ್ದಿವೆ. ಎಲ್ಲ ತಂತ್ರಾಂಶಗಳಿಗೂ ಒಂದೇ ಸಂಕೇತವಾದ ಯೂನಿಕೋಡ್ ಬಂದ ಮೇಲೆ, ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸುವ ಉಪಕರಣಗಳನ್ನು ಕಟ್ಟಿ ಉಚಿತವಾಗಿ ಹಂಚಿದವರಲ್ಲಿ ಸ್ವಯಂಸೇವಕರೂ ಇದ್ದಾರೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು.

ಇನ್ನು ಖಾಸಗಿತನದ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಹಿರಿಯರೊಬ್ಬರು ಹೋರಾಡಿ ಗಳಿಸಿಕೊಟ್ಟ ಹಕ್ಕನ್ನು ನಾವು ಓದದೆಯೇ 'ಒಪ್ಪಿಗೆ' ಒತ್ತಿ ಬಿಟ್ಟುಕೊಡುತ್ತಿದ್ದೇವೆ. ಮೂಲ ಸಂಕೇತವನ್ನು ಬಚ್ಚಿಟ್ಟ ಮುಚ್ಚಿದ ತಂತ್ರಾಂಶ ಒಳಗೆ ಏನು ದಾಖಲಿಸುತ್ತದೆ, ಯಾರಿಗೆ ಕಳಿಸುತ್ತದೆ ಎಂಬುದಕ್ಕೆ ಕಂಪನಿ ಹೇಳಿದ್ದೇ ವೇದವಾಕ್ಯ. ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನಾದರೆ ಯಾರು ಬೇಕಾದರೂ ತೆರೆದು ನೋಡಬಹುದು.

"ಮುಕ್ತ ತಂತ್ರಾಂಶವೂ ಸುರಕ್ಷಿತವಲ್ಲವಲ್ಲ" ಎನ್ನುವವರಿದ್ದಾರೆ. ನಿಜ. 2024ರಲ್ಲಿ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಬಳಕೆಯಾಗುವ ಎಕ್ಸ್‌ಝೆಡ್ ಎಂಬ ಸಣ್ಣ ಉಪಕರಣದೊಳಗೆ ಕಳ್ಳಬಾಗಿಲೊಂದು ಪತ್ತೆಯಾಯಿತು. ವರ್ಷಗಳ ಕಾಲ ನಂಬಿಕೆ ಗಳಿಸಿದವರೇ ಅದನ್ನು ಸೇರಿಸಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಗೊಂಡು ಕೆದಕಿ ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟ್‌ನಲ್ಲೇ ದುಡಿಯುವ ಎಂಜಿನಿಯರ್. ಸಂಕೇತ ಎಲ್ಲರಿಗೂ ತೆರೆದಿದ್ದರಿಂದ ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ತಪ್ಪು ಎಲ್ಲ ಕಡೆ ಆಗುತ್ತದೆ. ಹುಡುಕುವ ಸ್ವಾತಂತ್ರ್ಯ ಎಲ್ಲ ಕಡೆ ಇರುವುದಿಲ್ಲ.

ಅನುಕೂಲವನ್ನು ನಾನು ಹೀಗಳೆಯುತ್ತಿಲ್ಲ. ದುಡಿದು ದಣಿದವರಿಗೆ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯಬೇಕು. ಆದರೆ ಅನುಕೂಲದ ಹೆಸರಿನಲ್ಲಿ ಮಕ್ಕಳ ಕಲಿಕೆ, ಸರ್ಕಾರದ ಕಡತ, ನುಡಿಯ ಸಂಪತ್ತನ್ನು ಅಡವಿಡಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಹೊರಡಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಬಹುಕಾಲದಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮಗೇಕಾಗದು?

ಲೇಖಕರೇ, ಹಸ್ತಪ್ರತಿಯ ಒಂದು ಪ್ರತಿಯನ್ನಾದರೂ ಯೂನಿಕೋಡ್‌ನಲ್ಲಿ ಉಳಿಸಿ. ಪ್ರಕಾಶಕರಿಂದ ಅದನ್ನೇ ಕೇಳಿ ಪಡೆಯಿರಿ. ಮೇಷ್ಟ್ರೇ, ಪ್ರಯೋಗಾಲಯದ ಒಂದು ಕಂಪ್ಯೂಟರಿಗಾದರೂ ಲಿನಕ್ಸ್ ಮತ್ತು ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ ಹಾಕಿ, ಮಕ್ಕಳು ಬಿಚ್ಚಿ ನೋಡಲಿ. ಅಧಿಕಾರಿಗಳೇ, ತೆರಿಗೆ ಹಣದಲ್ಲಿ ತಂತ್ರಾಂಶ ಬರೆಸಿದರೆ ಅದರ ಮೂಲ ಸಂಕೇತವನ್ನು ಜನರ ಮುಂದಿಡಿ. ಉಳಿದ ನಾವೆಲ್ಲ ಇವತ್ತೇ ಫೋನ್ ತೆರೆದು, ಯಾವ ಆ್ಯಪಿಗೆ ಏನೇನು ನೋಡಲು ಬಿಟ್ಟಿದ್ದೇವೆಂದು ಪರೀಕ್ಷಿಸಿ, ಬೇಡದ ಅನುಮತಿಗಳನ್ನು ಕಿತ್ತುಹಾಕೋಣ. ನಮ್ಮ ಮಾತು, ನಮ್ಮ ಕಡತ, ನಮ್ಮ ಮಕ್ಕಳ ಕಲಿಕೆಯ ಕೀಲಿಯನ್ನು ನಾವು ಕೇಳದ ಹೊರತು ಯಾರೂ ತಂದುಕೊಡುವುದಿಲ್ಲ. ಕೇಳೋಣ.